ಇಪ್ಪತ್ತು ಮುಚ್ಚಳದ ಕೆಲಸ

ನಮ್ಮ ಹಿರೇಕೊಟ್ನೆಕಲ್ ಕಡೆ ಹತ್ತಿಗೆ ಎಣ್ಣೆ ಹೊಡೆಯುವ ಕಾಲ ಬಂತೆಂದರೆ ಬೆನ್ನಪಂಪಿನ ನಾಜಲ್ ಮುಚ್ಚಳಗಳು ಸೀಳುತ್ತವೆ. ಪಂಪು ಹಳೆಯದಾದರೆ ಅದರ ಥ್ರೆಡ್‌ಗೆ ಕೂಡುವ ಮುಚ್ಚಳ ಮಾನ್ವಿಯ ಅಂಗಡಿಗಳಲ್ಲೂ ಸಿಗುವುದು ಕಷ್ಟ. ಹತ್ತಿಪ್ಪತ್ತು ಮುಚ್ಚಳಕ್ಕಾಗಿ ಯಾವ ಕಾರ್ಖಾನೆ ಲಕ್ಷಾಂತರ ರೂಪಾಯಿಯ ಉಕ್ಕಿನ ಅಚ್ಚು ಮಾಡಿಸೀತು? ನನಗೆ ಪ್ರೀತಿಯ ಕೆಲಸ ಶುರುವಾಗುವುದೇ ಅಲ್ಲಿ.

ಕೈಯಿಂದ ಒತ್ತುವ ಮೌಲ್ಡಿಂಗ್ ಮಷೀನು ಚಕ್ಕುಲಿ ಒರಳಿನ ಬಂಧು. ಬ್ಯಾರಲ್‌ಗೆ ಪಾಲಿಪ್ರೊಪಿಲೀನ್ ದಾಣಾ ಸುರಿದು ಹೀಟರ್ ಹಚ್ಚಬೇಕು. ದಾಣಾ ಕರಗುವುದು ಸುಮಾರು 165 ಡಿಗ್ರಿಗೆ. ಸರಾಗವಾಗಿ ಹರಿಯಲು 220ರ ಹತ್ತಿರ ಬೇಕು. ಆಮೇಲೆ ಲಿವರ್ ಎಳೆದು ಅದನ್ನು ಅಚ್ಚಿನೊಳಗೆ ಒತ್ತಿ ಹಾಗೇ ಹಿಡಿದಿರಬೇಕು. ಆರುತ್ತ ಪ್ಲಾಸ್ಟಿಕ್ ಕುಗ್ಗುತ್ತದೆ. ಅಚ್ಚಿನ ಬಾಯಲ್ಲಿರುವ ಗೇಟು ಗಟ್ಟಿಯಾಗುವವರೆಗೆ ಒಳಗೆ ಮಾಲು ಹೋಗುತ್ತಲೇ ಇರಬೇಕು. ಅವಸರದಿಂದ ಬಿಟ್ಟರೆ ದಪ್ಪ ಇರುವಲ್ಲಿ ಕುಳಿ ಬೀಳುತ್ತದೆ. ಆ ಒತ್ತಡ ಅಂಗೈಗೆ ತಿಳಿಯುವುದೇ ಒಂದು ಸುಖ.

1872ರಲ್ಲಿ ಅಮೆರಿಕದ ಹಯಟ್ ಸಹೋದರರು ಪೇಟೆಂಟ್ ಪಡೆದ ಮೊದಲ ಯಂತ್ರವೂ ಹೀಗೆ ದಂಡದಿಂದ ಒತ್ತುವಂಥದ್ದೇ. ದಂಡದ ಬದಲು ತಿರುಗುವ ಸ್ಕ್ರೂ ಬಂದದ್ದು 1946ರಲ್ಲಿ.

ಮನಸ್ಸು ತುಂಬುವುದು ಮಾತ್ರ ಅಚ್ಚು ಕೊರೆಯುವಾಗ. ಅಲ್ಯೂಮಿನಿಯಂ ತುಂಡಿನಲ್ಲಿ ನಾನು ಕೊರೆಯುವುದು ಮುಚ್ಚಳದ ಖಾಲಿ ಜಾಗವನ್ನು. ಉಬ್ಬು ತಗ್ಗಾಗುತ್ತದೆ, ತಗ್ಗು ಉಬ್ಬಾಗುತ್ತದೆ. ಈ ಪ್ಲಾಸ್ಟಿಕ್ ಶೇಕಡಾ ಒಂದೂವರೆಯಿಂದ ಎರಡರಷ್ಟು ಕುಗ್ಗುವುದರಿಂದ, 40 ಮಿಲಿಮೀಟರ್ ಮುಚ್ಚಳಕ್ಕೆ 40.7ರ ಕುಹರ ಬೇಕು. ಮಾಲು ಸಲೀಸಾಗಿ ಹೊರಬರಲು ಗೋಡೆಗೆ ಒಂದು ಡಿಗ್ರಿ ಇಳಿಜಾರು. ಒಳಗಿನ ಗಾಳಿ ಹೋಗಲು ಕೂದಲಿಗಿಂತ ತೆಳುವಾದ ದಾರಿ. ಗಾಳಿ ನುಸುಳಬೇಕು, ಪ್ಲಾಸ್ಟಿಕ್ ನುಸುಳಬಾರದು.

ಒಳಗಿನ ಥ್ರೆಡ್‌ಗೆ ಹಿತ್ತಾಳೆಯ ತಿರುಪೊಂದನ್ನು ಅಚ್ಚಿನೊಳಗೆ ಕೂಡಿಸುತ್ತೇನೆ. ಮುಚ್ಚಳ ಅದನ್ನು ಅಪ್ಪಿಕೊಂಡೇ ಹೊರಬರುತ್ತದೆ. ಇನ್ನೂ ಬಿಸಿ ಇರುವಾಗಲೇ ತಿರುವಿ ಬಿಡಿಸಿದರೆ ಒಳಗೆ ಥ್ರೆಡ್ಡು ನುಣ್ಣಗೆ ಹೊಳೆಯುತ್ತದೆ. ಲಕ್ಷಗಟ್ಟಲೆ ಮಾಡುವ ಕಾರ್ಖಾನೆಗೆ ಒಂದೊಂದು ಸೆಕೆಂಡಿಗೂ ಬೆಲೆ. ಹೀಗೆ ತಿರುಪು ಬಿಡಿಸಲು ಅದಕ್ಕೆ ಗೇರು, ಮೋಟಾರುಗಳೇ ಬೇಕು. ಇಪ್ಪತ್ತಕ್ಕೆ ಎರಡು ಬೆರಳು ಸಾಕು.

ಇಂಥ ಅಚ್ಚು ಮಾಡುವುದನ್ನು ಕಲಿಸುವ, ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಈಗ ನಮ್ಮ ಜಿಲ್ಲೆಯ ಲಿಂಗಸುಗೂರಿನಲ್ಲೂ ಇದೆ. ಅಲ್ಲಿ ಕಲಿತ ಹುಡುಗರು ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೆ ಹೋಗಲಿ, ಸಂತೋಷ. ಒಬ್ಬಿಬ್ಬರಾದರೂ ಊರಿಗೆ ಮರಳಿ ಇಂಥದೊಂದು ಮಷೀನು ಹೂಡಲಿ. ಒಂದು ಮುಚ್ಚಳ ಸಿಗದೆ ಇಡೀ ಪಂಪು ಗುಜರಿಗೆ ಹೋಗುವುದನ್ನು ತಪ್ಪಿಸುವ ವಿದ್ಯೆ ಹೊಲದ ಪಕ್ಕದಲ್ಲೇ ಇರಬೇಕು.