ಪೆಂಡಲ್ ಬೆಟ್ಟದ ಮೂರು ಸಾಕ್ಷ್ಯಗಳು

ಉತ್ತರ ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯಲ್ಲಿ ಪೆಂಡಲ್ ಎಂಬ ಬೆಟ್ಟವಿದೆ. ಎತ್ತರ 557 ಮೀಟರ್. ಅಂಕಿಯನ್ನಷ್ಟೇ ನೋಡಿದವರಿಗೆ ಇದೇನು ಮಹಾ ಎನ್ನಿಸಬಹುದು. ಆದರೆ ಪೆನೈನ್ ಬೆಟ್ಟಸಾಲಿನಿಂದ ದೂರ ಸರಿದು ಒಂಟಿಯಾಗಿ ನಿಂತಿರುವುದರಿಂದ ಸುತ್ತಲಿನ ಊರುಗಳಿಗೆಲ್ಲ ಅದೇ ದಿಕ್ಕಿನ ಗುರುತು. ಒಂದು ಮಗ್ಗುಲಲ್ಲಿ ರಿಬಲ್ ನದಿಯ ಹಸಿರು ಕಣಿವೆ, ಇನ್ನೊಂದು ಮಗ್ಗುಲಲ್ಲಿ ಬರ್ನ್ಲಿ, ನೆಲ್ಸನ್, ಕೋಲ್ನ್ ಎಂಬ ಹಳೆಯ ಹತ್ತಿಗಿರಣಿ ಪಟ್ಟಣಗಳು. ಬುಡದಲ್ಲಿ ಬಾರ್ಲಿ, ಡೌನಮ್, ರಫ್ಲೀ, ನ್ಯೂಚರ್ಚ್, ಸಾಬ್ಡೆನ್ ಎಂಬ ಪುಟ್ಟ ಹಳ್ಳಿಗಳು. ಇವುಗಳಲ್ಲಿ ಕೆಲವು ಮಧ್ಯಯುಗದಲ್ಲಿ ದನ ಸಾಕಲೆಂದೇ ಎದ್ದ ದೊಡ್ಡಿಗಳಾಗಿದ್ದವು. ಈಗ ಅಲ್ಲಿ ಕಾಣುವುದು ಬೂದುಗಲ್ಲಿನ ಮನೆಗಳು, ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳು, ಅವುಗಳ ನಡುವೆ ಮೇಯುವ ಕುರಿಗಳು. ಡೌನಮ್ಮಿನ ಬೀದಿಗಳಲ್ಲಿ ತಲೆಯ ಮೇಲೆ ಒಂದು ತಂತಿಯೂ ಹಾದುಹೋಗಿಲ್ಲ. ಬೆಟ್ಟದ ಮೇಲ್ಭಾಗ ಮರಳುಗಲ್ಲು ಮತ್ತು ಕಪ್ಪು ಜೌಗುಮಣ್ಣಿನದು. ಬುಡದಲ್ಲಿ ಸುಣ್ಣಕಲ್ಲಿನ ಗುಡ್ಡೆಗಳು. ಕಲ್ಲು ಬದಲಾದಂತೆ ಹುಲ್ಲಿನ ಬಣ್ಣವೂ ಬದಲಾಗುವುದನ್ನು ಡೌನಮ್ಮಿನಿಂದ ಹತ್ತುವವರು ಕಣ್ಣಾರೆ ಕಾಣಬಹುದು.

ಇಷ್ಟು ಚೆಲುವಾದ ಬೆಟ್ಟಕ್ಕೆ ಹೊರಜಗತ್ತಿನಲ್ಲಿ ಇರುವುದು ಒಂದೇ ಖ್ಯಾತಿ: ಮಾಟಗಾತಿಯರ ಬೆಟ್ಟ. ಪೊರಕೆಯ ಮೇಲೆ ಕೂತು ಹಾರುವ ಮಾಟಗಾತಿಯ ಕಪ್ಪು ಚಿತ್ರವೇ ಇಲ್ಲಿನ ಕಾಲುದಾರಿಯ ಗುರುತು. ಮ್ಯಾಂಚೆಸ್ಟರಿನಿಂದ ಈ ಕಡೆಗೆ ಬರುವ ಬಸ್ಸಿಗೆ ಅವಳ ಹೆಸರಿದೆ, ಬರ್ನ್ಲಿಯಲ್ಲಿ ತಯಾರಾಗುವ ಬಿಯರಿಗೂ ಇದೆ. ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಜನ ಗುಂಪುಗುಂಪಾಗಿ ಬೆಟ್ಟ ಹತ್ತುತ್ತಾರೆ. 2012ರಲ್ಲಿ, ಮಾಟದ ಆರೋಪದ ಮೇಲೆ ಇಲ್ಲಿನವರನ್ನು ನೇಣಿಗೇರಿಸಿದ ಪ್ರಕರಣಕ್ಕೆ ನಾನೂರು ವರ್ಷ ತುಂಬಿದಾಗ, ಮೈಲಿಗಟ್ಟಲೆ ದೂರಕ್ಕೆ ಕಾಣುವ ಹಾಗೆ ಬೆಟ್ಟದ ಇಳಿಜಾರಿನ ಮೇಲೆ 1612 ಎಂಬ ಇಸವಿಯನ್ನು ಮೂಡಿಸಲಾಗಿತ್ತು. ನನ್ನ ವಾದ ಸರಳವಾದದ್ದು. 1612 ನೆನಪಿಡಬೇಕಾದ ವರ್ಷವೇ. ಆದರೆ ಅದೊಂದನ್ನೇ ನೆನೆದರೆ ಬೆಟ್ಟಕ್ಕೂ ಅನ್ಯಾಯ, ಅಂದು ಸತ್ತವರಿಗೂ ಅನ್ಯಾಯ. ಅದರ ಪಕ್ಕದಲ್ಲಿ 1652 ಮತ್ತು 1661 ಎಂಬ ಇನ್ನೆರಡು ಇಸವಿಗಳನ್ನು ಇಡಬೇಕು. ಐವತ್ತು ವರ್ಷಗಳ ಒಳಗೆ, ಇದೇ ಬೆಟ್ಟದ ಸುತ್ತಮುತ್ತ, ಒಂದು ಮಾತು ನಿಜವೆಂದು ಯಾವ ಆಧಾರದ ಮೇಲೆ ನಂಬಬೇಕು ಎಂಬ ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರಗಳು ಬಂದವು. ಪೆಂಡಲ್ಲಿನ ನಿಜವಾದ ಹಿರಿಮೆ ಇರುವುದು ಆ ಪ್ರಶ್ನೆಯಲ್ಲಿ.

ಮೊದಲ ಉತ್ತರ ಭಯದ್ದು. 1612ರ ಮಾರ್ಚಿನಲ್ಲಿ ಅಲಿಜಾನ್ ಡಿವೈಸ್ ಎಂಬ ಬಡ ಹುಡುಗಿ ದಾರಿಯಲ್ಲಿ ಸಿಕ್ಕ ಜಾನ್ ಲಾ ಎಂಬ ತಿರುಗಾಟದ ವ್ಯಾಪಾರಿಯಲ್ಲಿ ಗುಂಡುಸೂಜಿ ಕೇಳಿದಳು. ಅವನು ಗಂಟು ಬಿಚ್ಚಲು ಒಪ್ಪಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಕುಸಿದು ಬಿದ್ದ. ಮೈಯ ಒಂದು ಭಾಗ ಸ್ವಾಧೀನ ತಪ್ಪಿತು, ನಾಲಿಗೆ ತೊದಲಿತು. ಇಂದಿನ ವೈದ್ಯರು ಇದನ್ನು ಪಾರ್ಶ್ವವಾಯು ಎನ್ನುತ್ತಾರೆ. ಅಂದು ಅದು ಶಾಪವಾಯಿತು. ಎಲ್ಲಕ್ಕಿಂತ ದಾರುಣವಾದದ್ದೆಂದರೆ ಅಲಿಜಾನಳೇ ಅದನ್ನು ನಂಬಿದ್ದು. ತನ್ನ ಮಾತಿನಿಂದಲೇ ಅವನಿಗೆ ಹೀಗಾಯಿತೆಂದು ಅವಳು ಒಪ್ಪಿಕೊಂಡಳು. ರೋಜರ್ ನೋವೆಲ್ ಎಂಬ ಮ್ಯಾಜಿಸ್ಟ್ರೇಟ್ ವಿಚಾರಣೆ ಶುರುಮಾಡಿದ ಮೇಲೆ ಒಬ್ಬರ ಹೇಳಿಕೆ ಇನ್ನೊಬ್ಬರನ್ನು ಎಳೆದು ತಂದಿತು. ಡೆಮ್‌ಡೈಕ್, ಚ್ಯಾಟಾಕ್ಸ್ ಎಂದು ಕರೆಸಿಕೊಳ್ಳುತ್ತಿದ್ದ, ಕಣ್ಣು ಮಂಜಾದ ಇಬ್ಬರು ಮುದುಕಿಯರ ಕುಟುಂಬಗಳ ನಡುವೆ ಇದ್ದ ಹಳೆಯ ಹಗೆ ಬೆಂಕಿಗೆ ತುಪ್ಪ ಸುರಿಯಿತು. ಡೆಮ್‌ಡೈಕ್ ಸೆರೆಮನೆಯಲ್ಲೇ ತೀರಿಕೊಂಡಳು. ಆಗಸ್ಟ್ 20ರಂದು ಲ್ಯಾಂಕಾಸ್ಟರಿನಲ್ಲಿ ಹತ್ತು ಮಂದಿಯನ್ನು ನೇಣಿಗೇರಿಸಲಾಯಿತು. ಅವರಲ್ಲಿ ಇಬ್ಬರು ಗಂಡಸರು. ರಫ್ಲೀಯ ಆಲಿಸ್ ನಟರ್ ಒಬ್ಬಳೇ ಸ್ಥಿತಿವಂತ ಮನೆಯವಳೆನ್ನಬಹುದು. ಉಳಿದವರಲ್ಲಿ ಬಹುಮಂದಿ ಬಡತನದ ಅಂಚಿನಲ್ಲಿ ಬದುಕುತ್ತಿದ್ದವರು.

ಈ ವಿಚಾರಣೆಯ ವಿವರಗಳು ನಮಗೆ ಸಿಗುವುದು ನ್ಯಾಯಾಲಯದ ಗುಮಾಸ್ತ ಥಾಮಸ್ ಪಾಟ್ಸ್ 1613ರಲ್ಲಿ ಅಚ್ಚು ಹಾಕಿಸಿದ ವೃತ್ತಾಂತದಿಂದ. ಅದರಲ್ಲಿ ಒಂದು ಗಳಿಗೆಯನ್ನು ಮರೆಯಲಾಗದು. ಅಲಿಜಾನಳ ತಂಗಿ ಜೆನೆಟ್‌ಗೆ ಸುಮಾರು ಒಂಬತ್ತು ವರ್ಷ. ಅವಳು ಸಾಕ್ಷಿ ಹೇಳಲು ಬಂದಾಗ ತಾಯಿ ಎಲಿಜಬೆತ್ ಕಿರುಚಾಡಿದಳು. ತಾಯಿಯನ್ನು ಹೊರಗೆ ಕಳಿಸಿ, ಎಲ್ಲರಿಗೂ ಕಾಣಲೆಂದು ಮಗುವನ್ನು ಮೇಜಿನ ಮೇಲೆ ನಿಲ್ಲಿಸಿದರು. ಮಗು ತಾಯಿಯ ವಿರುದ್ಧ, ಅಣ್ಣನ ವಿರುದ್ಧ ಹೇಳಿತು. ಆರೋಪಿಗಳ ಪರವಾಗಿ ವಕೀಲರಿರಲಿಲ್ಲ. ಅಂಥ ಅಪರಾಧಗಳಲ್ಲಿ ವಕೀಲರನ್ನು ಇಟ್ಟುಕೊಳ್ಳಲು ಆಗಿನ ಪದ್ಧತಿಯಲ್ಲಿ ಅವಕಾಶವೇ ಇರಲಿಲ್ಲ. ಮಾಟದ ವಿರುದ್ಧ 1604ರ ಕಠಿಣ ಕಾಯ್ದೆ ಇತ್ತು, ಮಾಟವನ್ನು ಕುರಿತು ತಾನೇ ಪುಸ್ತಕ ಬರೆದಿದ್ದ ಒಂದನೇ ಜೇಮ್ಸ್ ಸಿಂಹಾಸನದಲ್ಲಿದ್ದ. ಹಾಗಾಗಿ ಇದು ಕಾನೂನು ತಪ್ಪಿ ನಡೆದ ಕ್ರೌರ್ಯವಲ್ಲ, ಕಾನೂನಿನ ಪ್ರಕಾರವೇ ನಡೆದ ಕ್ರೌರ್ಯ. ತಪ್ಪಿದ್ದು ಸಾಕ್ಷ್ಯದ ಅಳತೆಯಲ್ಲಿ: ಹೆದರಿದವರ ತಪ್ಪೊಪ್ಪಿಗೆ, ಹಗೆಯವರ ಮಾತು, ಮಗುವಿನ ಹೇಳಿಕೆ ಇವಿಷ್ಟೇ ಸಾಕೆನಿಸಿತು. ಎರಡು ದಶಕದ ಬಳಿಕ ಇದೇ ಸೀಮೆಯಲ್ಲಿ ಎಡ್ಮಂಡ್ ರಾಬಿನ್‌ಸನ್ ಎಂಬ ಹತ್ತು ವರ್ಷದ ಹುಡುಗ ಮತ್ತೆ ಇಂಥದೇ ಕಥೆ ಹೇಳಿದ. ಆ ಸಲ ದೊರೆ ಮೊದಲನೆಯ ಚಾರ್ಲ್ಸ್‌ನ ಆಡಳಿತ ಅನುಮಾನಪಟ್ಟಿತು. ರಕ್ತ ಪರಿಚಲನೆಯನ್ನು ವಿವರಿಸಿದ ವಿಲಿಯಮ್ ಹಾರ್ವೆಯ ಮೇಲ್ವಿಚಾರಣೆಯಲ್ಲಿ 1634ರಲ್ಲಿ ಲಂಡನ್ನಿನಲ್ಲಿ ಆರೋಪಿತ ಹೆಂಗಸರ ಪರೀಕ್ಷೆ ನಡೆಯಿತು, ಮಾಟದ ಗುರುತೇನೂ ಸಿಗಲಿಲ್ಲ. ಹುಡುಗ ಎಲ್ಲ ಕಟ್ಟುಕಥೆಯೆಂದು ಒಪ್ಪಿಕೊಂಡ. ಪ್ರಶ್ನೆ ಕೇಳಿದ್ದಷ್ಟಕ್ಕೇ ಎಷ್ಟು ವ್ಯತ್ಯಾಸವಾಯಿತು ನೋಡಿ.

ಎರಡನೆಯ ಉತ್ತರ ಅಂತರಂಗದ್ದು. 1652ರಲ್ಲಿ ಜಾರ್ಜ್ ಫಾಕ್ಸ್ ಎಂಬ ಇಪ್ಪತ್ತೇಳರ ಆಸುಪಾಸಿನ ಅಲೆಮಾರಿ ಬೋಧಕ ಪೆಂಡಲ್ ಹತ್ತಿದ. ತುದಿಯಿಂದ ಲ್ಯಾಂಕಾಷೈರಿನ ಅಂಚಿನ ಕಡಲು ಕಂಡಿತು. ದೊಡ್ಡ ಜನಸಮೂಹವೊಂದು ಒಟ್ಟುಗೂಡಲಿದೆ ಎಂಬ ದರ್ಶನ ತನಗೆ ಅಲ್ಲೇ ಆಯಿತೆಂದು ಅವನು ಬರೆದಿದ್ದಾನೆ. ಆ ಬೇಸಿಗೆಯಲ್ಲೇ ಉತ್ತರಕ್ಕೆ ಸಾಗಿ ಫರ್‌ಬ್ಯಾಂಕ್ ಗುಡ್ಡದ ಮೇಲೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಉದ್ದೇಶಿಸಿ ಮಾತಾಡಿದ. ಕ್ವೇಕರ್ ಪಂಥ ಬಲಗೊಂಡದ್ದು ಹೀಗೆ. ಪ್ರತಿ ಮನುಷ್ಯನ ಒಳಗೂ ಬೆಳಕಿದೆ, ಪಾದ್ರಿಯ ಮಧ್ಯಸ್ಥಿಕೆ ಬೇಕಿಲ್ಲ, ಸದಾ ಸತ್ಯ ನುಡಿಯುವವನಿಗೆ ನ್ಯಾಯಾಲಯದ ಆಣೆಯೂ ಬೇಕಿಲ್ಲ ಎಂಬುದು ಇವರ ನಿಲುವು. ಆಣೆ ಮಾಡಲೊಲ್ಲದ್ದಕ್ಕೆ 1664ರಲ್ಲಿ ಫಾಕ್ಸ್ ಸೆರೆಯಾದದ್ದು ಲ್ಯಾಂಕಾಸ್ಟರ್ ಕೋಟೆಯಲ್ಲಿ, 1612ರ ಆರೋಪಿಗಳನ್ನು ಕೂಡಿಹಾಕಿದ್ದ ಅದೇ ಕೋಟೆಯಲ್ಲಿ. ಅಧಿಕಾರದ ಒತ್ತಾಯಕ್ಕೆ ಬಾಯಿಬಿಡುವುದೇ ಸಾಕ್ಷ್ಯವಲ್ಲ, ಮನಸ್ಸಾಕ್ಷಿಗೆ ಒಪ್ಪಿದ್ದನ್ನು ಬಾಳಿ ತೋರಿಸುವುದೂ ಸಾಕ್ಷ್ಯ ಎಂದು ಈ ಜನ ತೋರಿಸಿದರು. ಗುಲಾಮರ ವ್ಯಾಪಾರದ ವಿರುದ್ಧ 1787ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಮಿತಿಯ ಹನ್ನೆರಡು ಸದಸ್ಯರಲ್ಲಿ ಒಂಬತ್ತು ಮಂದಿ ಕ್ವೇಕರರು. ಗಾಂಧೀಜಿಯ ಇಂಗ್ಲಿಷ್ ಗೆಳೆಯ ಹೊರೇಸ್ ಅಲೆಕ್ಸಾಂಡರ್ ಕೂಡ ಇದೇ ಪಂಥದವರು.

ಮೂರನೆಯ ಉತ್ತರ ಅಳತೆಯದು. 1661ರ ಏಪ್ರಿಲ್ 27ರಂದು ಬರ್ನ್ಲಿಯ ಟೌನ್ಲಿ ಮನೆತನದ ರಿಚರ್ಡ್ ಟೌನ್ಲಿ ಮತ್ತು ಹ್ಯಾಲಿಫ್ಯಾಕ್ಸಿನ ವೈದ್ಯ ಹೆನ್ರಿ ಪವರ್ ಗಾಜಿನ ಕೊಳವೆ, ಪಾದರಸ ಹೊತ್ತು ಇದೇ ಪೆಂಡಲ್‌ಗೆ ಬಂದರು. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಅಳೆದಷ್ಟು ಗಾಳಿ ಬಿಟ್ಟು, ಉಳಿದ ಭಾಗಕ್ಕೆ ಪಾದರಸ ತುಂಬಿ, ಪಾದರಸದ ಬಟ್ಟಲಲ್ಲಿ ಮಗುಚಿ ನಿಲ್ಲಿಸುವುದು ಪ್ರಯೋಗದ ಕ್ರಮ. ಬುಡದಲ್ಲಿ ಅಳೆದರು, ತುದಿಯಲ್ಲಿ ಅಳೆದರು. ಮೇಲೆ ಪಾದರಸ ಇಳಿದಿತ್ತು, ಒಳಗಿನ ಗಾಳಿ ಹಿಗ್ಗಿತ್ತು. ಒತ್ತಡ ಎಷ್ಟು ತಗ್ಗಿತೋ ಅದೇ ಪ್ರಮಾಣದಲ್ಲಿ ಗಾಳಿಯ ಗಾತ್ರ ಹೆಚ್ಚಿತ್ತು. ರಾಬರ್ಟ್ ಬಾಯ್ಲ್ 1662ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸುವಾಗ ಈ ಊಹೆಯನ್ನು ಟೌನ್ಲಿಯ ಹೆಸರಿನಲ್ಲೇ ಉಲ್ಲೇಖಿಸಿದ. ನಮ್ಮ ಮಕ್ಕಳು ಶಾಲೆಯಲ್ಲಿ ಬಾಯ್ಲ್‌ನ ನಿಯಮ ಎಂದು ಕಲಿಯುವುದರ ಬೇರು ಹೀಗೆ ಪೆಂಡಲ್ಲಿನಲ್ಲೂ ಇದೆ. ಟೌನ್ಲಿ ಕ್ಯಾಥೊಲಿಕ್, ಆ ಕಾಲದ ಇಂಗ್ಲೆಂಡಿನಲ್ಲಿ ಅವನಂಥವರಿಗೆ ಸರ್ಕಾರಿ ಹುದ್ದೆಗಳ ಬಾಗಿಲು ಮುಚ್ಚಿತ್ತು. ಆದರೂ 1677ರಿಂದ ಮನೆಯ ಚಾವಣಿಯ ಮೇಲೆ ಆಲಿಕೆ ಇಟ್ಟು, ಕೊಳವೆಯಲ್ಲಿ ಮಳೆನೀರನ್ನು ಕೆಳಗಿಳಿಸಿ, ವರ್ಷಗಟ್ಟಲೆ ಮಳೆಯ ಲೆಕ್ಕ ಬರೆದಿಟ್ಟ. ಇಂಗ್ಲೆಂಡಿನಲ್ಲಿ ಕ್ರಮಬದ್ಧವಾಗಿ ಮಳೆ ಅಳೆದವರಲ್ಲಿ ಅವನೇ ಮೊದಲಿಗ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಭಯ, ಭಕ್ತಿ, ವಿಜ್ಞಾನ ಎಂದು ಮೂರು ಮೆಟ್ಟಿಲು ಕಟ್ಟುವುದು ಚರಿತ್ರೆಯನ್ನು ತೀರ ಅಚ್ಚುಕಟ್ಟಾಗಿಸಿದಂತಲ್ಲವೇ? ಆಕ್ಷೇಪ ನ್ಯಾಯವಾದದ್ದು. ಆ ಕಾಲದ ವಿಜ್ಞಾನಿಗಳ ಕೂಟವಾದ ರಾಯಲ್ ಸೊಸೈಟಿಯ ಸದಸ್ಯನೇ ಆಗಿದ್ದ ಜೋಸೆಫ್ ಗ್ಲಾನ್‌ವಿಲ್ ಮಾಟಮಂತ್ರ ನಿಜವೆಂದು ಸಾಧಿಸಲು ಸಾಕ್ಷ್ಯಗಳನ್ನು ಕಲೆಹಾಕಿದ. ಪೆಂಡಲ್ ಪ್ರಯೋಗಕ್ಕೆ ಇಪ್ಪತ್ತೊಂದು ವರ್ಷಗಳಾದ ಮೇಲೂ, 1682ರಲ್ಲಿ, ಡೆವನ್ ಸೀಮೆಯ ಬಿಡಫರ್ಡ್ ಊರಿನ ಮೂವರು ಹೆಂಗಸರು ಮಾಟದ ಆರೋಪಕ್ಕೆ ನೇಣಿಗೇರಿದರು. ಮಾಟದ ವಿರುದ್ಧದ 1604ರ ಕಾಯ್ದೆ ರದ್ದಾದದ್ದು 1736ರಲ್ಲಿ. ಆದ್ದರಿಂದ ಪಾದರಸದ ಕೊಳವೆ ನೇಣುಗಂಬವನ್ನು ಉರುಳಿಸಿತೆಂದು ನಾನು ಹೇಳುತ್ತಿಲ್ಲ. ಮೂರೂ ಒಂದೇ ಕಾಲದಲ್ಲಿ, ಒಂದರ ಪಕ್ಕ ಒಂದು, ಕೆಲವು ಸಲ ಒಂದೇ ತಲೆಯೊಳಗೆ ಇದ್ದವು. ಇದರಿಂದ ನನ್ನ ವಾದ ಸಡಿಲವಾಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಸರಿಯಾದ ಸಾಕ್ಷ್ಯ ಕೇಳುವ ಅಭ್ಯಾಸ ಕಾಲ ಸರಿದಂತೆ ತಾನಾಗಿ ಬರುವುದಿಲ್ಲ. ಪ್ರತಿ ತಲೆಮಾರೂ ಅದನ್ನು ಕಷ್ಟಪಟ್ಟು ರೂಢಿಸಿಕೊಳ್ಳಬೇಕು.

ಇನ್ನೊಂದು ಆಕ್ಷೇಪ ಹೊಟ್ಟೆಪಾಡಿನದು. ಗಿರಣಿಗಳು ಮುಚ್ಚಿದ ಸೀಮೆಗೆ ಪ್ರವಾಸಿಗರು ಬೇಕು, ಪ್ರವಾಸಿಗರಿಗೆ ಮಾಟಗಾತಿ ಬೇಕು. ಆ ಕಥೆ ಇಲ್ಲದಿದ್ದರೆ ಅಲಿಜಾನಳ ಹೆಸರಾದರೂ ಯಾರಿಗೆ ನೆನಪಿರುತ್ತಿತ್ತು? ನೆನಪು ಉಳಿದದ್ದು ನಿಜ, ಹಳ್ಳಿಯವರ ದುಡಿಮೆಯನ್ನು ಹಳಿಯುವ ಹಕ್ಕು ದೂರದವರಿಗಿಲ್ಲ. ಆದರೆ ಪೊರಕೆಯ ಮೇಲೆ ಹಾರುವ ಗೊಂಬೆ ನೆನಪಿಸುವುದು ಅಲಿಜಾನಳನ್ನಲ್ಲ, ಅವಳ ಮೇಲಿನ ಆರೋಪವನ್ನು. ತಲೆಗೆ ಮೊನಚು ಟೋಪಿ ಏರಿಸಿದಾಗೆಲ್ಲ ನ್ಯಾಯಾಧೀಶರ ತೀರ್ಪನ್ನೇ ಮತ್ತೊಮ್ಮೆ ಎತ್ತಿಹಿಡಿದಂತಾಗುತ್ತದೆ. ಇದಕ್ಕೆ ದಾರಿ ಆ ಊರಿನವರಿಗೇ ಗೊತ್ತಿದೆ: 2012ರಲ್ಲಿ ರಫ್ಲೀಯಲ್ಲಿ ನಿಲ್ಲಿಸಿದ ಆಲಿಸ್ ನಟರ್‌ಳ ಪ್ರತಿಮೆಯಲ್ಲಿ ಇರುವುದು ಮಾಟಗಾತಿಯಲ್ಲ, ಆ ಕಾಲದ ಉಡುಪಿನ ಒಬ್ಬ ಹೆಂಗಸು. ಹಾಗೆ ತೋರಿಸಿದರೂ ಪ್ರವಾಸಿಗರು ಬರುತ್ತಾರೆ.

ಫಾಕ್ಸ್‌ನ ದರ್ಶನವಾಗಲಿ ಟೌನ್ಲಿಯ ಪ್ರಯೋಗವಾಗಲಿ ಬೇರೆ ಯಾವ ಬೆಟ್ಟದ ಮೇಲಾದರೂ ಆಗಬಹುದಿತ್ತು, ಅದರಲ್ಲಿ ಪೆಂಡಲ್ಲಿನ ಹೆಚ್ಚುಗಾರಿಕೆ ಏನು ಎಂದೂ ಕೇಳಬಹುದು. ಹಾಗೆ ನೋಡಿದರೆ ಮಾಟದ ವಿಚಾರಣೆಗಳೂ ಯುರೋಪಿನ ನೂರಾರು ಊರುಗಳಲ್ಲಿ ನಡೆದಿವೆ. ಪೆಂಡಲ್ಲಿನ ವಿಶೇಷವೆಂದರೆ ಮೂರೂ ಒಂದೇ ಕಡೆ, ಒಂದೇ ಆಯುಷ್ಯದೊಳಗೆ ಕೂಡಿಬಂದದ್ದು. 1612ರಲ್ಲಿ ಮೇಜಿನ ಮೇಲೆ ನಿಂತ ಮಗುವಿನ ವಯಸ್ಸಿನವರು ಯಾರಾದರೂ ಬದುಕಿದ್ದರೆ, ಪಾದರಸದ ಕೊಳವೆ ಬೆಟ್ಟ ಏರುವುದನ್ನು ತಮ್ಮ ಅರವತ್ತರ ಹತ್ತಿರದ ವಯಸ್ಸಿನಲ್ಲಿ ಕಾಣಬಹುದಿತ್ತು. ಅಷ್ಟು ಹತ್ತಿರ ಇದ್ದವು ಆ ಮೂರು ಜಗತ್ತುಗಳು. ಹಾಗಾಗಿ ಬಾರ್ಲಿಯಲ್ಲೋ ಡೌನಮ್ಮಿನಲ್ಲೋ ಇಳಿದು ಬೆಟ್ಟ ಹತ್ತುವವರಿಗೆ ಮೂರೂ ಇಸವಿಗಳನ್ನು ಒಟ್ಟಿಗೇ ಹೇಳಬೇಕು. ಮಕ್ಕಳಿಗಂತೂ ಕಡ್ಡಾಯವಾಗಿ ಹೇಳಬೇಕು. ಒಬ್ಬರ ಮೇಲೆ ಊರೆಲ್ಲ ಬೆರಳು ತೋರಿಸುವಾಗ ಆಧಾರವೇನು ಎಂದು ಕೇಳುವ ಧೈರ್ಯ, ಒತ್ತಾಯಕ್ಕೆ ಮಣಿಯದ ಮನಸ್ಸಾಕ್ಷಿ, ಊಹೆಯನ್ನು ಅಳೆದು ನೋಡುವ ತಾಳ್ಮೆ ಈ ಮೂರೂ ಮನುಷ್ಯರಿಗೆ ಇಂದಿಗೂ ಬೇಕು. ಇವನ್ನು ಒಂದೇ ಏರುದಾರಿಯಲ್ಲಿ ಕಲಿಸಬಲ್ಲ ಬೆಟ್ಟವನ್ನು ಹ್ಯಾಲೋವೀನ್ ರಾತ್ರಿಯೊಂದಕ್ಕೇ ಬಿಟ್ಟುಕೊಡುವುದು ತರವಲ್ಲ.