ಇಬ್ಬರು ಮೇಷ್ಟ್ರ ಷರತ್ತು

1982ರಲ್ಲಿ ಬ್ರಿಟನ್ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಅರ್ಧ ಬೆಲೆಗೆ ಕಂಪ್ಯೂಟರ್ ಕೊಡಲು ಹೊರಟಾಗ ಒಂದು ಷರತ್ತು ಹಾಕಿತ್ತು: ಶಾಲೆಯ ಇಬ್ಬರು ಶಿಕ್ಷಕರಾದರೂ ತರಬೇತಿಗೆ ಹೋಗಬೇಕು. ನನಗೆ ಯಂತ್ರಕ್ಕಿಂತ ಆ ಷರತ್ತೇ ದೊಡ್ಡದು. ಒಬ್ಬರೇ ಕಲಿತಿದ್ದರೆ, ಅವರಿಗೆ ವರ್ಗಾವಣೆಯಾದ ದಿನವೇ ಕಂಪ್ಯೂಟರ್ ಕೋಣೆಗೆ ಬೀಗ ಬೀಳುತ್ತದೆ. ಇಬ್ಬರಿದ್ದರೆ ತಿಳಿಯದ್ದನ್ನು ಸಂಕೋಚವಿಲ್ಲದೆ ಪರಸ್ಪರ ಕೇಳಿಕೊಳ್ಳುತ್ತಾರೆ.

ಅಲ್ಲಿ 1980ರಿಂದ 1986ರವರೆಗೆ ನಡೆದ ಮೈಕ್ರೋಎಲೆಕ್ಟ್ರಾನಿಕ್ಸ್ ಶಿಕ್ಷಣ ಕಾರ್ಯಕ್ರಮಕ್ಕೆ ರಿಚರ್ಡ್ ಫಾದರ್‌ಗಿಲ್ ನಿರ್ದೇಶಕರು. ಅದರ ವ್ಯಾಪ್ತಿ ಕೀಲಿಮಣೆಗಷ್ಟೇ ನಿಲ್ಲಲಿಲ್ಲ. ಸೆನ್ಸರ್ ಜೋಡಿಸಿ ನೀರಿನ ಉಷ್ಣತೆ ಅಳೆಯುವುದು, ಪುಟ್ಟ ಮೋಟಾರಿಗೆ ಆಜ್ಞೆ ಕೊಡುವುದು, ಇವೂ ಶಾಲೆಯ ಪಾಠವಾಗಬಹುದು ಎಂದು ಅದನ್ನು ನಡೆಸಿದವರು ಆ ಕಾಲದಲ್ಲೇ ನಂಬಿದ್ದರು. ಆಗ ಅಲ್ಲಿನ ಶಾಲೆಗಳಲ್ಲಿದ್ದ ಬಿಬಿಸಿ ಮೈಕ್ರೋ ಮಾಡೆಲ್ ಬಿ ಕಂಪ್ಯೂಟರಿನ ಮೆಮೊರಿ ಬರೀ 32 ಕಿಲೋಬೈಟ್. ಇಂದಿನ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯದು. ಆದರೂ ವಿಜ್ಞಾನದ ಮೇಷ್ಟ್ರ ಕೈಯಲ್ಲಿ ಅದೊಂದು ಪ್ರಯೋಗಶಾಲೆ.

ಅದೇ ಬಿಬಿಸಿ ಮೈಕ್ರೋ 1984-85ರಲ್ಲಿ ಕ್ಲಾಸ್ ಎಂಬ ಶಾಲಾ ಕಂಪ್ಯೂಟರ್ ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೂ ಬಂತು. ಅಂದಿನಿಂದ ಇಂದಿನವರೆಗೆ ಯಂತ್ರಗಳು ಎಷ್ಟೋ ಸಲ ಬದಲಾಗಿವೆ. ಸ್ಮಾರ್ಟ್ ಬೋರ್ಡ್ ಉದ್ಘಾಟನೆಗೆ ಸಿಗುವ ಗಮನ ಶಿಕ್ಷಕರ ಅಭ್ಯಾಸಕ್ಕೆ ಸಿಗುವುದಿಲ್ಲ ಎಂಬುದು ನನ್ನ ಸಂಕಟ. ತರಬೇತಿ ಮುಗಿಸಿ ಬಂದ ಮೇಡಂಗೆ ವಾರದಲ್ಲಿ ಎರಡು ಪಿರಿಯಡ್ ಬಿಡುವು ಕೊಡಿ, ಕೋಣೆಯ ಕೀಲಿಯನ್ನೂ ಕೊಡಿ. ತಿಂಗಳಾದ ಮೇಲೆ ತರಬೇತುದಾರರೇ ಶಾಲೆಗೆ ಬಂದು, ಎಲ್ಲಿ ತೊಡಕಾಯಿತು ಅಂತ ಕೇಳಲಿ.