‘ಅವ್ವ’ ಮತ್ತು ‘ಅವ್ವ ಹಳೇದು’

ಒಂದು ರವಿವಾರ ಟಿಳಕವಾಡಿಯ ರೂಮಿನಲ್ಲಿ ಹಾರ್ಡ್ ಡಿಸ್ಕ್ ಸ್ವಚ್ಛ ಮಾಡಲಿಕ್ಕೆ ಕೂತಿದ್ದೆ. ಅದರಲ್ಲಿ ‘ಅವ್ವ’ ಅಂತ ಒಂದು ಫೋಲ್ಡರ್. ಆರಿಸಿ, ತಾರೀಖು ಹಚ್ಚಿ ಇಟ್ಟ ಫೋಟೋಗಳು. ಪಕ್ಕದಲ್ಲಿ ‘ಅವ್ವ ಹಳೇದು’. ಬರೀ ನಕಲು, ಮಸುಕಾದವು, ನನ್ನ ಬೆರಳು ಅಡ್ಡ ಬಂದವು. ಇಂಥ ‘ಹಳೇದು’ಗಳು ಹತ್ತಾರಿದ್ದವು, ಹಂಗಾಗಿ ಸಣ್ಣ ಬ್ಯಾಶ್ ಸ್ಕ್ರಿಪ್ಟ್ ಬರೆದೆ. ಅಳಿಸಬೇಕಾದ ಹೆಸರು ಒಂದು ವೇರಿಯೇಬಲ್‌ನಲ್ಲಿ, ಅದರ ಮುಂದೆ ಆರ್‌ಎಂ ಮೈನಸ್ ಆರ್‌ಎಫ್. ಎಂಟರ್ ಒತ್ತಿದೆ. ಒಂದೂ ಎರರ್ ಬರಲಿಲ್ಲ.

ನೋಡಿದರೆ ‘ಅವ್ವ ಹಳೇದು’ ಹಂಗೇ ಕೂತಿತ್ತು. ‘ಅವ್ವ’ ಇರಲಿಲ್ಲ.

ವೇರಿಯೇಬಲ್‌ಗೆ ಡಬಲ್ ಕೋಟ್ ಹಾಕದಿದ್ದರೆ, ಅದರಲ್ಲಿ ಸ್ಪೇಸ್, ಟ್ಯಾಬ್, ಹೊಸ ಸಾಲು ಎಲ್ಲಿ ಕಂಡರೂ ಶೆಲ್ ಅಲ್ಲಿ ಕತ್ತರಿಸ್ತದೆ. ಅದಕ್ಕೆ ಕಂಡದ್ದು ಎರಡು ಹೆಸರು: ಅವ್ವ, ಹಳೇದು. ಮೊದಲನೇದನ್ನು ಅಳಿಸಿತು. ಎರಡನೇದು ಇರಲೇ ಇಲ್ಲ, ಆದರೆ ಆ ‘ಎಫ್’ ಇದೆಯಲ್ಲ, ಅದು ಇಲ್ಲದ್ದರ ಬಗ್ಗೆ ಗೊಣಗುವುದಿಲ್ಲ. ಮಜಾ ಅಂದರೆ ಮೊದಲು ಎಕೋ ಹಾಕಿ ಪರೀಕ್ಷೆ ಮಾಡಿದ್ದೆ. ‘ಅವ್ವ ಹಳೇದು’ ಅಂತ ಸರಿಯಾಗೇ ತೋರಿಸಿತ್ತು. ತುಂಡು ಮಾಡಿದ ಮಾತುಗಳ ನಡುವೆ ಎಕೋ ತಾನೇ ಒಂದು ಸ್ಪೇಸ್ ಇಟ್ಟು ಜೋಡಿಸ್ತದೆ, ಗೊತ್ತಾಗೋದು ಹೆಂಗ? ಎಕೋ ಬದಲು ಎಲ್‌ಎಸ್ ಹಾಕಿದ್ದರೆ ಅಲ್ಲೇ ಸಿಕ್ಕಿಬೀಳ್ತಿತ್ತು.

2001ರಲ್ಲಿ ಆಪಲ್‌ನ ಐಟ್ಯೂನ್ಸ್ 2 ಇನ್‌ಸ್ಟಾಲರ್ ಹೀಗೇ ಕೋಟ್ ಮರೆತು, ಡಿಸ್ಕ್ ಹೆಸರಲ್ಲಿ ಸ್ಪೇಸ್ ಇದ್ದ ಕೆಲವರ ಡಿಸ್ಕನ್ನೇ ಅಳಿಸಿತ್ತು. ಅದು ಓದಿ ನನಗೇನೂ ಸಮಾಧಾನ ಆಗಲಿಲ್ಲ. ನಮ್ಮ ಖಾನಾಪುರ ತಾಲೂಕಿನ ಹಳಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿಯೇ ಇಲ್ಲ. ಯುನಿಕ್ಸ್‌ಗೆ ಹೇಳಿ ಮಾಡಿಸಿದ ಜನ.

ರಿಕವರಿ ಸಾಫ್ಟ್‌ವೇರ್ ಹಚ್ಚಿ ರಾತ್ರಿಯೆಲ್ಲ ಕೂತೆ. ಬಹಳಷ್ಟು ಬಂದವು, ಹೆಸರಿಲ್ಲದೆ, ತಾರೀಖಿಲ್ಲದೆ. ಅಸೋಗಾದಲ್ಲಿ ಅವ್ವ ಮಲಪ್ರಭೆಗೆ ಕಾಲು ಇಳಿಬಿಟ್ಟು ಕೂತದ್ದು ಮಾತ್ರ ಬರಲಿಲ್ಲ. ಅದರ ಮುಂದಿನ ಮಳೆಗಾಲಕ್ಕೆ ಆಕಿ ಇರಲಿಲ್ಲ.

ಮುಂಜಾನೆ ಖಾನಾಪುರಕ್ಕೆ ಫೋನ್ ಹಚ್ಚಿದೆ. “ಕಂಪ್ಯೂಟರ್ ಕಲತಾಂವ ನೀನ ಹಿಂಗ್ ಮಾಡಿದ್ರ ಹೆಂಗೋ ಅಣ್ಣಾ?” ಅಂದ ತಮ್ಮ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಡಿ, ಆ ಫೋಟೋ ನನ್ನ ಮೊಬೈಲಾಗ ಐತಿ” ಅಂದ.

ಈಗ ನನ್ನ ಸ್ಕ್ರಿಪ್ಟುಗಳಲ್ಲಿ ಪ್ರತಿ ವೇರಿಯೇಬಲ್‌ಗೂ, ಭತ್ತದ ಸಿವುಡಿಗೆ ಹುರಿ ಬಿಗಿದಂಗ, ಎರಡೂ ಕಡೆ ಕೋಟ್. ತಮ್ಮ ಕಳಿಸಿದ ಫೋಟೋ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ವಾಟ್ಸಾಪ್ ಇಟ್ಟ ಹೆಸರಲ್ಲಿ ನಾಲ್ಕು ಸ್ಪೇಸ್ ಇದ್ದವು. ಹಂಗೇ ಬಿಟ್ಟಿದ್ದೇನೆ.